ಪ್ರಾಮಾಣಿಕತೆಯ ತಿಂಗಳಲ್ಲಿ ನನ್ನ ಎಡಗಾಲಿನ ಚಪ್ಪಲಿ

ಶಾಲಾ ಮಕ್ಕಳ ಸದ್ಗುಣಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ನೀತಿಶಿಕ್ಷಣ ಶುರುವಾದಾಗಿನಿಂದ ನಮ್ಮೂರಿನಲ್ಲಿ ಕಳ್ಳತನ ವಿಪರೀತವಾಗಿದೆ.

ಯಲಬುರ್ಗಾ ತಾಲ್ಲೂಕಿನ ನಮ್ಮೂರ ಶಾಲೆಗೆ, ತಿಂಗಳಿಗೊಂದು ಸದ್ಗುಣದಂತೆ, ಈ ತಿಂಗಳು ‘ಪ್ರಾಮಾಣಿಕತೆ’ ಬಂದಿದೆ. ತಮ್ಮ ಆದೇಶದಂತೆ ಪ್ರತಿ ಮಗುವೂ ಯಾರೋ ಕಳೆದುಕೊಂಡ ವಸ್ತುವನ್ನು ಹುಡುಕಿ ಅವರಿಗೆ ಒಪ್ಪಿಸಬೇಕು, ಒಪ್ಪಿಸುವ ಫೋಟೋ ಕಳಿಸಬೇಕು, ಅದಕ್ಕೆ ಅಂಕ. ಉದ್ದೇಶ ಘನವಾದದ್ದೇ. ಆದರೆ ಸ್ವಾಮಿ, ಕೊಡ ಕುಡುಗೋಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಜನ ನಾವು. ನಾವು ಕಳೆದುಕೊಳ್ಳುವುದಾದರೂ ಏನನ್ನು? ಬೇರೆ ದಾರಿ ಕಾಣದೆ ಮಕ್ಕಳೇ ವಸ್ತುಗಳು ಕಳೆದುಹೋಗುವ ವ್ಯವಸ್ಥೆ ಮಾಡತೊಡಗಿದರು.

ಮೊದಲು ಮಾಳವ್ವನ ಆಡು ಹೋಯಿತು. ಆಕೆ ಬೇವೂರಿನವರೆಗೂ ಅಳುತ್ತ ಹುಡುಕಿ ಬಂದರೆ, ಆಡು ಶಾಲೆಯ ಹಿಂದೆ ಮೇಯುತ್ತಿತ್ತು. ಒಂದೇ ಆಡನ್ನು ಹುಡುಗರು ಸರದಿಯಲ್ಲಿ ನಿಂತು ಒಬ್ಬೊಬ್ಬರಾಗಿ ಒಪ್ಪಿಸಿ ಫೋಟೋ ತೆಗೆಸಿಕೊಂಡರು. “ಫೋಟೋದಾಗ ನಗಬೇಕಂತ ನಾನು. ಆಡು ಸಿಕ್ಕದ್ದಕ್ಕ ನಗಲ್ಯೋ, ಇವ್ರ ಪ್ರಾಮಾಣಿಕತಿ ನೋಡಿ ಅಳಲ್ಯೋ?” ಎಂದು ಮಾಳವ್ವ ನನ್ನನ್ನು ಕೇಳಿದಳು. ನಾನಾಗ ಬರಿಗಾಲಲ್ಲಿ ನಿಂತಿದ್ದೆ. ಗುಡಿಯ ಮುಂದೆ ಬಿಟ್ಟಿದ್ದ ನನ್ನ ಚಪ್ಪಲಿಗಳು ಆಗಷ್ಟೇ ಮಾಯವಾಗಿದ್ದವು. ಬಲಗಾಲಿನದು ಸಕಲ ಗೌರವದೊಂದಿಗೆ ಮರಳಿ ಬಂದಿದೆ. ಎಡಗಾಲಿನದನ್ನು ಬಚ್ಚಿಟ್ಟ ಪುಣ್ಯಾತ್ಮನಿಗೆ ಎಲ್ಲಿಟ್ಟೆ ಎಂಬುದೇ ಮರೆತುಹೋಗಿದೆ.

ಚಪ್ಪಲಿ ಹೋಗಲಿ. ನನ್ನ ಸಂಕಟ ಬೇರೆ. ಮೊಮ್ಮಗಳು ಕವಿತಾ ಯಾರ ವಸ್ತುವನ್ನೂ ಮುಟ್ಟಲಿಲ್ಲ, ಹಾಗಾಗಿ ಅವಳಿಗೆ ಏನೂ ಸಿಗಲಿಲ್ಲ. ಇಡೀ ತರಗತಿಯಲ್ಲಿ ಪ್ರಾಮಾಣಿಕತೆಗೆ ಸೊನ್ನೆ ಬಂದಿರುವುದು ಅವಳೊಬ್ಬಳಿಗೇ. ಊಟ ಬಿಟ್ಟು ಮೂಲೆಯಲ್ಲಿ ಕೂತವಳು, “ಮುತ್ಯಾ, ನೀನರ ಏನರ ಕಳಕೋ” ಎಂದಳು. ಮರುದಿನ ಅವಳು ಶಾಲೆಗೆ ಹೋಗುವ ದಾರಿಯಲ್ಲಿ ನನ್ನ ಕನ್ನಡಕ ಬೀಳಿಸಿ, ಬೇವಿನ ಮರದ ಹಿಂದೆ ಅಡಗಿ ನಿಂತೆ. ಹುಡುಗಿ ಅದನ್ನು ಎತ್ತಿಕೊಂಡಳು. ಫೋಟೋಕ್ಕೆಂದು ನಾನು ಶಾಲೆಗೆ ಹೋಗಿ, ಮೀಸೆ ತೀಡಿ ನಿಂತೆ. ಶರಣಬಸಪ್ಪ ಮಾಸ್ತರರು ಮೊಬೈಲ್ ಎತ್ತಿದ್ದೇ ತಡ, ಅವಳು ಬಾಯಿಬಿಟ್ಟಳು.

“ಸರ್, ಇದು ಕಳದದ್ದಲ್ರೀ. ಮುತ್ಯಾ ಬೇಕಂತನ ಬೀಳಿಸ್ಯಾನ. ಗಿಡದ ಹಿಂದ ಅವನ ಧೋತ್ರ ಕಾಣ್ತಿತ್ತು.”

ಮಾಸ್ತರರು ಮೊಬೈಲ್ ಕೆಳಗಿಳಿಸಿದರು. “ನನ್ನ ಕೈಯಾಗ ಏನೈತ್ರೀ ಅಜ್ಜಾರ? ಖರೇ ಹೇಳಿದ್ರ ಅಂಕ ಹಾಕಾಕ ಇದರಾಗ ಜಾಗಾನ ಇಲ್ಲ” ಎಂದರು.

ಆದ್ದರಿಂದ ಮಾನ್ಯರೇ, ಆ ಸೊನ್ನೆಯನ್ನು ಅಳಿಸಿ. ನಿಯಮ ಅಡ್ಡ ಬಂದರೆ, ತಾವೇ ಒಮ್ಮೆ ನಮ್ಮೂರಿಗೆ ಬಂದು ನಿಜವಾಗಿಯೂ ಏನನ್ನಾದರೂ ಕಳೆದುಕೊಳ್ಳಿ. ಗಿಡದ ಹಿಂದೆ ಮಾತ್ರ ನಿಲ್ಲಬೇಡಿ, ಅವಳು ಹೇಳಿಬಿಡುತ್ತಾಳೆ.

ಇಂತಿ,
ಅಪ್ರಾಮಾಣಿಕನೆಂದು ಮೊಮ್ಮಗಳಿಂದಲೇ ಸಾಬೀತಾದ,
ಸದ್ಯ ಬಲಗಾಲಿಗೆ ಮಾತ್ರ ಚಪ್ಪಲಿಯುಳ್ಳ,
ಗಾದಿಲಿಂಗಪ್ಪ