ಕಾಂಡಿಡಾಳ ಲಗಾಮು

ಮಾರ್ಸಿಯಕ್ಕಾ,

ಪೋಪರ ಜೊತೆ ಹಿಮದ ಘಟ್ಟ ದಾಟಿ ಫ್ರಾಂಕರ ನಾಡು ಸೇರಿದೆವು, ಜೀವಂತ ಇದ್ದೇನೆ. ನಿನ್ನೆ ಇಲ್ಲಿಯ ರಾಜ ಪೋಪರಿಗೆ ಅಡ್ಡಬಿದ್ದು ಎದ್ದವನೇ, "ಕೊಡಯ್ಯ ಇಲ್ಲಿ," ಎಂದು ನನ್ನ ಕೈಯಿಂದ ಕಾಂಡಿಡಾಳ ಲಗಾಮು ಕಿತ್ತುಕೊಂಡ. ಪೋಪರ ಕುದುರೆಯನ್ನು ತಾನೇ ಹಿಡಿದು ನಡೆಸುವುದು ದೊಡ್ಡ ಮರ್ಯಾದೆಯಂತೆ. ಬಿಷಪ್ಪರೆಲ್ಲ ಕಣ್ಣೊರೆಸಿಕೊಂಡರು. ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದೂ ಅದೇ ಕೆಲಸ. ಒಬ್ಬರ ಕಣ್ಣೂ ಒದ್ದೆಯಾಗಿಲ್ಲ.

"ಸುಮ್ನಿರೋ ಮಾರಾಯ, ಲೊಂಬಾರ್ಡರಿಂದ ನಮ್ಮ ರೋಮ್ ಉಳಿಸೋನು ಅವನೇ," ಎಂದ ಅಡುಗೆಯ ಉರ್ಸೊ. ಉಳಿಸಲಿ. ಆದರೆ ನನ್ನ ಕೈ ಬಿಟ್ಟು ಬೇರೆಲ್ಲೂ ತಿನ್ನದ ಕಾಂಡಿಡಾ ಅವನ ಕೈಯಿಂದ ಸೇಬು ತಿಂದಳು!

ಚಳಿಗೆ ಎರಡು ಕಾಲ್ಬೆರಳು ಕಪ್ಪಾಗಿವೆ, ಅಮ್ಮನಿಗೆ ಹೇಳಬೇಡ. ಓಲೆ ಒಯ್ಯುವವನು ಅವಸರ ಮಾಡುತ್ತಿದ್ದಾನೆ. ಇವತ್ತು ಬೆಳಿಗ್ಗೆ ನಾನೂ ಸೇಬು ಒಯ್ದೆ. ಅವಳು ಮೂಸಿ ನೋಡಿ, ರಾಜ ಬರುತ್ತಾನೇನೋ ಎಂಬಂತೆ ಲಾಯದ ಬಾಗಿಲ ಕಡೆ ಕತ್ತು ತಿರುಗಿಸಿದಳು.

ತಮ್ಮ ಮಾವ್ರೊ