ಹೂ ಕೊಡಬೇಕಾದ ಹುಡುಗಿ

ಹೆಡ್ ಮೇಡಂ ಅವರಿಗೆ ನಮಸ್ಕಾರ.

ಯುದ್ಧದಲ್ಲಿ ಮಡಿದವರ ಮಕ್ಕಳನ್ನು ಗೌರವಿಸಲು ವರ್ಷಕ್ಕೊಂದು ದಿನ ಇರಲೇಬೇಕೆಂದು ಹಟ ಹಿಡಿದು, ನಾಳೆ ಮೊದಲ ಬಾರಿಗೆ ಅದನ್ನು ನಡೆಸುತ್ತಿದ್ದೀರಿ. ಆ ಮಕ್ಕಳಿಗೆ ಹೂ ಕೊಡಲು ನನ್ನ ಮಗಳನ್ನು ಆರಿಸಿದ್ದೀರಿ. ಕನ್ನಡಿ ಮುಂದೆ ಅವಳದು ಅದೇ ಅಭ್ಯಾಸ. "ಹೂ ಕೊಡೋವಾಗ ನಗಬೇಕೇನಮ್ಮಾ, ಸುಮ್ನೆ ಇರಬೇಕಾ?" ಎಂದು ನಿನ್ನೆಯೂ ಕೇಳಿದಳು. "ನಿಮ್ಮ ಮೇಡಂನೇ ಕೇಳು" ಎಂದು ಜಾರಿಕೊಂಡೆ.

ಇವತ್ತು ಅವಳು ಶಾಲೆಗೆ ಹೊರಟ ಮೇಲೆ, ಗಡಿಯಲ್ಲಿದ್ದ ನಮ್ಮ ಯಜಮಾನರ ತುಕಡಿಯಿಂದ ಇಬ್ಬರು ಅಧಿಕಾರಿಗಳು ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಟೋಪಿ ತೆಗೆದು, ನಿಂತೇ ಹೇಳಿದರು.

ಈ ಪತ್ರ ತಂದಿರುವ ಪಕ್ಕದ ಮನೆಯ ಅಕ್ಕನ ಜೊತೆ ಮಗಳನ್ನು ಈಗಲೇ ಕಳುಹಿಸಿಕೊಡಿ. ತಡವಾದರೆ ಬೀದಿಯಲ್ಲಿ ಯಾರಾದರೂ ಬಾಯಿಬಿಟ್ಟಾರು; ಅವಳಿಗೆ ನಾನೇ ಹೇಳಬೇಕು. ಯಾಕೆಂದು ಕೇಳಿದರೆ, ಅಮ್ಮ ಕರೆದಿದ್ದಾಳೆ ಎಂದಷ್ಟೇ ಹೇಳಿ. ನಾಳೆ ಬರುತ್ತಾಳೋ ಇಲ್ಲವೋ, ಬಂದರೆ ಯಾವ ಸಾಲಿನಲ್ಲಿ ನಿಲ್ಲುತ್ತಾಳೋ, ಅದು ಅವಳಿಗೇ ಬಿಟ್ಟಿದ್ದು.

ಇನ್ನೊಂದು ಮಾತು ನಡೆಸಿಕೊಡಿ. ಕಳುಹಿಸುವಾಗ ದಯವಿಟ್ಟು ಅವಳ ತಲೆ ಸವರಬೇಡಿ. ಯಾವಾಗಲೂ ಗದರುವ ನೀವು ಇವತ್ತು ತಲೆ ಸವರಿದರೆ, ಅವಳಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಇಂತಿ,
ಅವಳ ಅಮ್ಮ