ಅಪ್ಪಣೆ ಕೇಳಿದ ಮೋಟಾರು

ಹೂಳೆಣಿಕೆ ನೂರಾ ನಲವತ್ತೊಂದು, ಹದಿಮೂರನೆಯ ತಿಂಗಳ ಐವತ್ತನೆಯ ದಿನ
ಮೇಲ್ಮೆಟ್ಟಿಲು, ಸಂಡೂರು ಗುಡ್ಡ

...ಎಂಜಿನ್ನು ಹೋದರೆ ಗಾಡಿ ಹೋದಂತಲ್ಲ ಎಂದೋ, ಗಾಡಿ ಇದ್ದರೆ ಎಂಜಿನ್ನು ಎಲ್ಲಿಂದಲಾದರೂ ಬರುತ್ತದೆ ಎಂದೋ ನಿಮ್ಮ ಕಾಲದ ಯಾರೋ ಹೇಳಿದ್ದರಂತೆ. ನನ್ನವರೆಗೆ ಬರುವಷ್ಟರಲ್ಲಿ ಆ ಮಾತು ಹಲವು ಬಾಯಿ ದಾಟಿ ಅರ್ಧ ಉದುರಿಹೋಗಿತ್ತು. ಹೇಳಿದವರು ನಮ್ಮ ಜೀಪನ್ನು ಮೊದಲು ಕೊಂಡವರಿರಬಹುದು. ಮಾತಿನಲ್ಲಿ ಒಂದು ನಿರಾಳವಿದೆ. ನಾಳೆಯದನ್ನು ಯಾರೋ ನೋಡಿಕೊಳ್ಳುತ್ತಾರೆ ಎಂಬ ನಿರಾಳ. ಆ ಯಾರೋ ನಾವು.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣುತ್ತದೆ. ತಪ್ಪಲ್ಲ. ನಿಮ್ಮ ತಿಂಗಳುಗಳಿಗೂ ನಮ್ಮ ಮಳೆಗೂ ಹೊಂದಿಕೆ ತಪ್ಪಿದ ಮೇಲೆ ಉಳಿದ ದಿನಗಳನ್ನೆಲ್ಲ ಸುರಿಯಲು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡೆವು. ಮಳೆ ಬರುವ ತನಕ ಅದು ಮುಗಿಯುವುದಿಲ್ಲ. ಹೂಳು ಎಂದರೆ ನಿಮ್ಮ ಕೊನೆಯ ಗಾಡಿಗಳನ್ನು ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ ಮೇಲೆ ಮಣ್ಣೆಳೆದ ಜಾಗ; ನಮ್ಮ ವರ್ಷಗಳು ಅಲ್ಲಿಂದ ಶುರುವಾಗುತ್ತವೆ. ನಮ್ಮ ಪದಗಳು ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ.

ನಾವಿರುವುದು ನೀವು ಅದಿರಿಗಾಗಿ ಬಗೆದು ಬಿಟ್ಟುಹೋದ ಗುಡ್ಡದ ಮೇಲೆ. ನಿಮ್ಮ ಯಂತ್ರಗಳು ಕಡಿದ ಮೆಟ್ಟಿಲುಗಳಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ತಳದ ಗುಂಡಿಯಲ್ಲಿ ನಿಂತ ನೀರು ನಮ್ಮ ಕೆರೆ. ನೀರು ಕೆಂಪು, ಒಗೆದ ಬಟ್ಟೆ ಕೆಂಪು, ಮಕ್ಕಳ ಉಗುರಿನ ಸಂದಿಯೂ ಕೆಂಪು. ಸಜ್ಜೆ ಬೆಳೆಯುತ್ತೇವೆ, ಹೊಂಗೆ ಬೀಜ ಆರಿಸುತ್ತೇವೆ, ಅದರ ಎಣ್ಣೆಯಿಂದ ದೀಪವನ್ನೂ ಗಾಡಿಯನ್ನೂ ನಡೆಸುತ್ತೇವೆ. ಇದು ದುಃಖದ ಬದುಕು ಎಂದುಕೊಳ್ಳಬೇಡಿ; ನಿಮ್ಮ ಮರುಕ ನಮಗೆ ಬೇಕಿಲ್ಲ. ಆಸ್ಪತ್ರೆ ಮಾತ್ರ ಕೆಳಗೆ ಬಯಲಿನಲ್ಲಿದೆ. ನಡುವಿನ ದಾರಿ ಒಂದು ಕಾಲಕ್ಕೆ ನಿಮ್ಮ ಅದಿರು ಲಾರಿಗಳದ್ದು, ಈಗ ಬರೀ ಕೊರಕಲು. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮಾತ್ರ ಅದು ದಾರಿ. ಅಂಥ ಗಾಡಿ ನಮ್ಮಲ್ಲಿ ಇರುವುದು ಒಂದೇ. ಅದನ್ನು ಓಡಿಸುವವಳೂ ಬಿಚ್ಚಿ ಕಟ್ಟುವವಳೂ ನನ್ನ ಅಕ್ಕ ಹೊನ್ನೂರವ್ವ.

ಈ ಬೇಸಿಗೆಯಲ್ಲಿ ಜೀಪಿನ ಹಳೆಯ ಡೀಸೆಲ್ ಎಂಜಿನ್ನು ಬಿರುಕು ಬಿಟ್ಟಿತು. ಬೆಸುಗೆ ಹಾಕಿದರೆ, ಹಾಕಿದ ಜಾಗ ಬಿಟ್ಟು ಪಕ್ಕದಲ್ಲಿ ಒಡೆಯಿತು. ನೀರು ಎಣ್ಣೆಗೆ ಇಳಿಯಿತು. ಅಕ್ಕ ಬಾನೆಟ್ಟು ಮುಚ್ಚಿ, "ಇದರ ಋಣ ತೀರ್ತು, ಇನ್ನ ಹೊಸಾದು ನೋಡ್ರಿ" ಅಂದಳು. ಬದಲಿಗೆ ಎರಡು ಸಿಕ್ಕವು. ಒಂದು, ಬಯಲಿನ ಗಾಣದಲ್ಲಿ ಕಡಲೆಕಾಯಿ ಅರೆಯುತ್ತಿದ್ದ ಡೀಸೆಲ್ ಎಂಜಿನ್ನು. ಹೊಂಗೆ ಎಣ್ಣೆ ಕುಡಿಯುತ್ತದೆ, ಕಲ್ಲಿನಷ್ಟು ಭಾರ, ಹೊಗೆ ಕಾರುತ್ತದೆ, ಯಾರು ಬೇಕಾದರೂ ಬಿಚ್ಚಬಹುದು. ಆದರೆ ನಮ್ಮ ಗೇರುಪೆಟ್ಟಿಗೆಗೆ ಅದರ ಬಾಯಿ ಕೂಡುವುದಿಲ್ಲ. ನಡುವೆ ಒಂದು ದಪ್ಪ ತಟ್ಟೆ ಎರಕ ಹೊಯ್ದು ತೂತು ಕೊರೆಯಬೇಕು, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಬೇಕು. ಅದಕ್ಕೆ ಒಂದು ವಾರ ಹಿಡಿಯುತ್ತದೆ. ಇನ್ನೊಂದು, ಹೂಳು ಬಗೆದು ಬದುಕುವ ಮೌಲಾಲಿ ತಂದ ಕರೆಂಟಿನ ಮೋಟಾರು. ನಿಮ್ಮ ಕಾಲದ್ದು. ಬ್ಯಾಟರಿ ಪೆಟ್ಟಿಗೆ ಸಮೇತ, ಜೋಡಿಸುವ ತಟ್ಟೆ ಸಮೇತ, ಮೈಮೇಲೆ ಒಂದು ಗೀರಿಲ್ಲದೆ ಬಂದಿತ್ತು. ಹಗುರ, ಮೊದಲ ತಿರುವಿನಲ್ಲೇ ಪೂರಾ ಬಲ. ಬ್ಯಾಟರಿ ತುಂಬಲು ನಮ್ಮ ಬಿಸಿಲುಹಲಗೆಗಳು ಸಾಕು. ಬಿಚ್ಚಲು ಮಾತ್ರ ಎಲ್ಲಿಯೂ ಒಂದು ತಿರುಪಿರಲಿಲ್ಲ.

ಹಳೆಯ ಎಂಜಿನ್ನನ್ನು ಇಳಿಸುವಾಗ ಸರಪಳಿ ಜಾರಿತು. ಅಕ್ಕನ ಎಡಗೈ ಎಂಜಿನ್ನಿಗೂ ಚಾಸಿಗೂ ನಡುವೆ ಸಿಕ್ಕಿಕೊಂಡಿತು. ನಾಡಿ ಬೆರಳ ತುದಿಯವರೆಗೆ ಇನ್ನೂ ಇತ್ತು. ನಾಳೆ ಸಂಜೆಯೊಳಗೆ ಆಸ್ಪತ್ರೆ ಮುಟ್ಟಿಸಿದರೆ ಕೈ ಉಳಿಯುತ್ತದೆ, ತಡವಾದರೆ ಕತ್ತರಿಸಬೇಕಾಗುತ್ತದೆ ಎಂದಳು ಸೂಲಗಿತ್ತಿ. ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಆಗಲೇ ಹೊತ್ತು ಹೊರಟರೆ ನಾಳೆ ಸಂಜೆಗೆ ಸರಿಯಾಗಿ ಮುಟ್ಟುತ್ತಿದ್ದೆವು, ಅಂಚಿನಲ್ಲಿ. ಮೋಟಾರಾದರೆ ಇಂದು ಕೂರಿಸಿ ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಅಲ್ಲಿರಬಹುದು. ಯಾರಿಗಾದರೂ ಎರಡನೆಯದೇ ಒಳ್ಳೆಯದೆನಿಸುತ್ತದೆ.

ಆದರೆ ನಮ್ಮಲ್ಲಿ ಕಿವಿಸಭೆ ಆಗದೆ ಯಾವ ಎಂಜಿನ್ನೂ ಗಾಡಿಗೆ ಏರುವುದಿಲ್ಲ. ಅದನ್ನು ಅಗಲವಾದ ಕಲ್ಲಿನ ಮೇಲಿಟ್ಟು ಓಡಿಸುತ್ತೇವೆ. ಮನೆಗೊಬ್ಬರು ಸುತ್ತ ಕೂತು, ನೆರಳು ಕಾಲಡಿಗೆ ಬರುವವರೆಗೆ ಕಿವಿಗೊಡುತ್ತಾರೆ. ಟಕಟಕ, ಗೊರಗೊರ, ಸಣ್ಣ ಸೀಟಿ, ಯಾವುದೇ ಕೊರತೆ ಕೇಳಿಸಿದವರು ಕಲ್ಲಿನ ಮೇಲೆ ಕೈಯಿಡಬೇಕು. ಒಂದು ಕೈ ಬಿದ್ದರೂ ಎಂಜಿನ್ನನ್ನು ಬಿಚ್ಚಿ ನೋಡುತ್ತೇವೆ. ಕೈ ಬೀಳದಿದ್ದರೆ ಅದು ಊರಿನದಾಯಿತು. ನಮ್ಮ ಹಿರಿಯರು ಈ ಕಟ್ಟಳೆಯನ್ನು ಎಂಜಿನ್ನುಗಳಿಂದಲೇ ಕಲಿತವರು. ಆಗ ಕೆಟ್ಟದ್ದೆಲ್ಲ ಸದ್ದು ಮಾಡುತ್ತಿತ್ತು.

ಸಭೆ ಬಿಟ್ಟು ಹೊತ್ತುಕೊಂಡು ಹೋಗೋಣ ಎಂದೆ. ಅಕ್ಕ ಕೇಳಲಿಲ್ಲ. "ನಾ ಬಿದ್ದೀನಂತ ಕಟ್ಟಳೇನೂ ಬೀಳಬೇಕೇನೋ? ಹಲಗಿ ಮ್ಯಾಲ ಹೆಣ ಹೋಗ್ತಾವ. ನಾ ಗಾಡ್ಯಾಗ ಹೋಗಾಕಿ."

ಮೋಟಾರನ್ನು ಕಲ್ಲಿನ ಮೇಲಿಟ್ಟು ತಿರುಗಿಸಿದರು. ಸದ್ದೇ ಇರಲಿಲ್ಲ. ಊರೆಲ್ಲ ಕತ್ತು ಚಾಚಿ ಕೂತಿತ್ತು. ದೂರದಲ್ಲಿ ಮೇಕೆ ಕೆಮ್ಮಿದ್ದು ಕೇಳಿಸಿತು, ಮೋಟಾರು ಕೇಳಿಸಲಿಲ್ಲ. ಕೈಗೆ ಸೊಪ್ಪಿನ ಕಟ್ಟು ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದ ಅಕ್ಕನೇ ಮೊದಲು ನಕ್ಕವಳು. "ಏನಪಾ ಮೌಲಾಲಿ, ಮಾತಾಡದ ಅಳಿಯನ್ನ ಹುಡುಕಿ ತಂದಿಯಲ್ಲ! ಇಂಥಾವ ಎಲ್ಲಿ ಸಿಗ್ತಾನ!"

ತಿಪ್ಪಜ್ಜ ನಮ್ಮಲ್ಲಿ ಹಿರಿಯ. ಕಿವಿ ಮಂದವಾಗಿ ವರ್ಷಗಳಾದರೂ ಸಭೆ ತಪ್ಪಿಸುವವನಲ್ಲ. ಅವನು ಎಲೆ ಅಡಿಕೆ ಉಗಿದು ಹೇಳಿದ: "ಮಾತಾಡದ ಅಳಿಯ ಒಳಗೊಳಗ ಲೆಕ್ಕ ಹಾಕ್ತಿರ್ತಾನವ್ವಾ."

"ಅಜ್ಜಾ, ನಿನಗ ಗುಡುಗೂ ಕೇಳಂಗಿಲ್ಲ. ಇದನ್ನ ಹೆಂಗ ದೂರ್ತಿ?" ಎಂದ ಮೌಲಾಲಿ. ಎಲ್ಲರೂ ನಕ್ಕರು, ಅಜ್ಜನೂ.

ನೆರಳು ಕಾಲಡಿಗೆ ಬಂತು. ಒಂದು ಕೈಯೂ ಬೀಳಲಿಲ್ಲ. ಕೇಳಿಸದ್ದರಲ್ಲಿ ಕೊರತೆ ಹುಡುಕುವ ಕಟ್ಟಳೆ ನಮ್ಮಲ್ಲಿರಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಎಣಿಸಿದೆವು. ಈ ತಪ್ಪು ನಮ್ಮದೇ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮ ತಲೆಗೆ ಕಟ್ಟಬೇಕಾದದ್ದು ಮುಂದಿದೆ.

ಅಂದೇ ಮೋಟಾರು ಕೂರಿಸಿ, ಮರುದಿನ ಬೆಳಕು ಹರಿಯುವಾಗ ಹೊರಟೆವು. ಓಡಿಸಿದವನು ಮೌಲಾಲಿ, ಅಕ್ಕ ಪಕ್ಕದಲ್ಲಿ ಕೂತು, "ಎರಡನೇದಕ್ಕ ಹಾಕೋ, ಹೆಂಡ್ತಿ ಕೈ ಹಿಡದಂಗ ಹಿಡೀಬ್ಯಾಡ ಗೇರು" ಎಂದು ಗದರುತ್ತಿದ್ದಳು. ಮೋಟಾರು ಕೊರಕಲಿನಲ್ಲಿ ನೀರಿನಂತೆ ಇಳಿಯಿತು. ಅದು ಎಷ್ಟು ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ನನ್ನ ಸಿಟ್ಟು ಇರುವುದೇ ಅದರಲ್ಲಿ. ಕಣಿವೆಯ ತಳ ಮುಟ್ಟಿದೆವು. ಅಲ್ಲಿಂದ ದಾರಿ ಮತ್ತೆ ಎದುರಿನ ದಿಣ್ಣೆಗೆ ಏರುತ್ತದೆ. ಏರಿನ ಬುಡದಲ್ಲಿ ಗಾಡಿ ನಿಂತಿತು.

ಅದು ಕೆಟ್ಟಿರಲಿಲ್ಲ. ಬಿಸಿಯಾಗಿರಲಿಲ್ಲ. ಬ್ಯಾಟರಿ ತುಂಬಿತ್ತು. ಬಾನೆಟ್ಟು ಎತ್ತಿದಾಗ ಮೋಟಾರಿನ ನೆತ್ತಿಯ ಮೇಲೆ, ನಾವು ಬರೀ ಹೊಳೆಯುವ ಬಿಲ್ಲೆಯೆಂದುಕೊಂಡಿದ್ದ ಜಾಗದಲ್ಲಿ, ಒಂದು ಸಣ್ಣ ಕೆಂಪು ದೀಪ ಹತ್ತಿತ್ತು. ಕೆಳಗೆ ಕನ್ನಡದಲ್ಲೇ ಅಕ್ಷರಗಳು ಮೂಡಿದ್ದವು: ಬಳಕೆಯ ಅವಧಿ ಮುಗಿದಿದೆ, ಅನುಮತಿ ಕೋರಲಾಗುತ್ತಿದೆ, ದಯವಿಟ್ಟು ನಿರೀಕ್ಷಿಸಿ. ನಿಮ್ಮ ಸೌಜನ್ಯ ದೊಡ್ಡದು. ಕೊಂಡವನು ಕೊಂಡ ಮೇಲೂ ಮಾರಿದವನ ಅಪ್ಪಣೆ ಇಲ್ಲದೆ ಓಡದಂಥ ಯಂತ್ರವನ್ನು ನೀವು ಮಾಡಿದ್ದಿರಿ. ಅಪ್ಪಣೆ ಇಲ್ಲದೆ ಇಷ್ಟು ದೂರ ಓಡಬಹುದೆಂದು ಅದಕ್ಕೆ ಮೊದಲೇ ಅಳೆದು ಕೊಟ್ಟಿದ್ದಿರಿ. ಅಪ್ಪಣೆ ಕೊಡಬೇಕಾದ ಕಂಪನಿಯ ಹೆಸರು ಈಗ ಯಾರಿಗೂ ನೆನಪಿಲ್ಲ. ಮೋಟಾರಿಗೆ ಮಾತ್ರ ನೆನಪಿತ್ತು. ನಾಲ್ಕು ತಲೆಮಾರಿನ ಹಿಂದೆ ಸತ್ತವರನ್ನು ಅದು ನಮ್ಮ ಕಣ್ಣೆದುರು ಕರೆಯುತ್ತಾ ನಿಂತಿತು.

ಮೌಲಾಲಿ ಕಲ್ಲು ತೆಗೆದುಕೊಂಡು ದೀಪ ಜಜ್ಜಿದ. ದೀಪ ಆರಿತು, ಗಾಡಿ ಅಲುಗಲಿಲ್ಲ. ಏರಿನಲ್ಲಿ ತಳ್ಳಿದೆವು, ಒಂದು ಮಾರು ಹೋಗಿ ಎರಡು ಮಾರು ಜಾರಿತು. "ಸಾಕು ಬಿಡ್ರೋ," ಎಂದಳು ಅಕ್ಕ, "ಹಲಗಿ ಬಿಚ್ರಿ." ಜೀಪಿನ ಹಿಂಬಾಗಿಲು ಕಳಚಿ ಅದರ ಮೇಲೆ ಅವಳನ್ನು ಮಲಗಿಸಿ, ನಾವಿಬ್ಬರೇ ಹೊತ್ತು, ನಿಂತು ನಿಂತು ನಡೆದೆವು. ಸಂಜೆಯಾದಾಗ ಬಯಲು ಕಾಣುತ್ತಿತ್ತು, ಆಸ್ಪತ್ರೆ ಕಾಣುತ್ತಿರಲಿಲ್ಲ. ಆ ಹೊತ್ತಿಗೆ ಅವಳ ಬೆರಳುಗಳ ಬಣ್ಣ ನಾನು ನೋಡಿದೆ. ಅವಳೂ ನೋಡಿದಳು. ಅಲ್ಲಿಂದ ಮುಂದೆ ಯಾರನ್ನೂ ಗದರಲಿಲ್ಲ. ಮುಟ್ಟಿದ್ದು ಮಾರನೆಯ ಬೆಳಗ್ಗೆ. ಮೊಣಕೈಯ ಕೆಳಗೆ ತೆಗೆದರು.

ಈಗ ಜೀಪಿನಲ್ಲಿ ಗಾಣದ ಎಂಜಿನ್ನಿದೆ. ನಡುವಿನ ತಟ್ಟೆ ಎರಡು ಸಲ ಒಡೆಯಿತು, ಮೂರನೆಯದು ನಿಂತಿತು. ಗಾಡಿ ಕೆಮ್ಮುತ್ತಾ, ಹೊಗೆ ಕಾರುತ್ತಾ ದಿಣ್ಣೆ ಹತ್ತುತ್ತದೆ. ಗೇರು ಬದಲಿಸಲು ಒಂದು ಕೈ, ಸ್ಟೇರಿಂಗಿಗೆ ಒಂದು ಕೈ ಬೇಕಾದ ಗಾಡಿಯನ್ನು ಅಕ್ಕ ಇನ್ನು ಓಡಿಸಲಾರಳು. ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಗೇರು ಬದಲಿಸಬೇಕಾದ ಹೊತ್ತಿಗೆ ಅವಳ ಎಡದ ತೋಳು ತಾನಾಗಿ ಮುಂದೆ ಚಾಚಿಕೊಂಡು ಗಾಳಿಯಲ್ಲಿ ನಿಲ್ಲುತ್ತದೆ. ಓಡಿಸುವವರು ಅತ್ತ ನೋಡುವುದಿಲ್ಲ.

ನೀವು ಬಿಟ್ಟುಹೋದ ಬಿಸಿಲು, ಕೆಂಪು ನೀರು, ಬಗೆದ ಗುಡ್ಡ, ಇವಕ್ಕೆಲ್ಲ ನಮ್ಮ ಹಿರಿಯರು ನಿಮ್ಮನ್ನು ಬೈದು ಬೈದು ದಣಿದಿದ್ದಾರೆ. ನನಗೆ ಆ ಸಿಟ್ಟು ಯಾವತ್ತೂ ಪೂರ್ತಿ ಬರಲಿಲ್ಲ. ದುರಾಸೆ ನನಗೆ ಅರ್ಥವಾಗುತ್ತದೆ, ಮರೆವು ಅರ್ಥವಾಗುತ್ತದೆ. ಅವು ನಮ್ಮಲ್ಲೂ ಇವೆ. ಹಾಳು ಮಾಡಿ ಹೋಗುವುದು ಬೇರೆ. ಒಂದು ಒಳ್ಳೆಯ ವಸ್ತುವನ್ನು ಇಷ್ಟು ಚೆನ್ನಾಗಿ ಮಾಡಿ, ನೂರು ವರ್ಷ ಮಣ್ಣಿನಲ್ಲಿದ್ದರೂ ತುಕ್ಕು ಹಿಡಿಯದಂತೆ ಮಾಡಿ, ಆಮೇಲೆ ಅದರ ಎದೆಯೊಳಗೆ ಕೂತು 'ನಿಲ್ಲು' ಎನ್ನುವ ಸಣ್ಣತನವೊಂದನ್ನು ಅಷ್ಟೇ ಶ್ರದ್ಧೆಯಿಂದ ಇಟ್ಟು ಹೋಗುವುದು ಬೇರೆ. ಅದನ್ನು ಕಾಲ ಮಾಡಲಿಲ್ಲ, ನಿಮ್ಮ ಸಮಾಜ ಮಾಡಲಿಲ್ಲ. ಒಬ್ಬ ಮನುಷ್ಯ ಮಾಡಿದ. ಬೆಳಗ್ಗೆ ಬಂದು ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಆ ಆಜ್ಞೆಯನ್ನು ಬರೆದು, ಸರಿಯಾಗಿ ನಿಲ್ಲುತ್ತದೆಯೇ ಎಂದು ಒಮ್ಮೆ ಓಡಿಸಿ ನೋಡಿ, ನಿಂತಿತೆಂದು ಖುಷಿಪಟ್ಟು ಮನೆಗೆ ಹೋಗಿರಬೇಕು. ಹೆಸರು ಗೊತ್ತಿಲ್ಲದ ಅಣ್ಣ, ಈ ಕಾಗದ ನಿನಗೆ. ನಿನ್ನ ಮೋಟಾರು ಅಪ್ಪಣೆ ಕೇಳುವ ಹೊತ್ತಿಗೆ ಕೊಡುವವರು ಯಾರೂ ಬದುಕಿರಲಿಕ್ಕಿಲ್ಲ ಎಂಬುದು ನಿನಗೆ ಹೊಳೆಯಲೇ ಇಲ್ಲವೋ, ಹೊಳೆದ ಮೇಲೂ ಬರೆದೆಯೋ?